ಬರ್ಮಾ ಯುದ್ಧ, 1942–45: ಸೋತ ಸೈನ್ಯ ಗೆಲ್ಲೋದನ್ನು ಕಲಿತದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಎರಡನೇ ಮಹಾಯುದ್ಧ ಅಂದ ಕೂಡಲೇ ಮಾತು ಯುರೋಪಿಗೆ ಹೋಗುತ್ತದೆ. ನಮ್ಮ ಈಶಾನ್ಯ ಗಡಿಯಲ್ಲಿ, ಬರ್ಮಾದಲ್ಲಿ (ಇಂದಿನ ಮ್ಯಾನ್ಮಾರ್), ಬ್ರಿಟಿಷರ ಭಾರತೀಯ ಸೈನ್ಯ ಜಪಾನಿನ ವಿರುದ್ಧ ಮೂರೂವರೆ ವರ್ಷ ನಡೆಸಿದ ಯುದ್ಧದ ಬಗ್ಗೆ ಕೇಳುವವರು ಕಡಿಮೆ. ಕೇಳುವವರು ಮಾತ್ರ ಒಳ್ಳೆಯ ಪ್ರಶ್ನೆಗಳನ್ನೇ ಕೇಳುತ್ತಾರೆ. 1942ರಲ್ಲಿ ಓಡಿ ಬಂದ ಅದೇ ಸೈನ್ಯ 1944ರಲ್ಲಿ ಹೇಗೆ ನಿಂತಿತು, 1945ರಲ್ಲಿ ಹೇಗೆ ಗೆದ್ದಿತು ಅನ್ನೋದೇ ಎಲ್ಲ ಪ್ರಶ್ನೆಗಳ ಹಿಂದಿರುವ ಕುತೂಹಲ. ಅದಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ.

1942ರಲ್ಲಿ ನಿಜಕ್ಕೂ ಆಗಿದ್ದೇನು?

1941ರ ಡಿಸೆಂಬರ್‌ನಲ್ಲಿ ಜಪಾನ್ ಮಲಯಕ್ಕೆ ನುಗ್ಗಿತು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಶರಣಾಯಿತು, ಸಾವಿರಾರು ಭಾರತೀಯ ಸಿಪಾಯಿಗಳು ಸೆರೆಯಾದರು. ಬರ್ಮಾದಲ್ಲೂ ಅದೇ ಕಥೆ. ಫೆಬ್ರವರಿ 23ರ ಬೆಳಗಿನ ಜಾವ ಸಿತಾಂಗ್ ನದಿಯ ಸೇತುವೆಯನ್ನು ನಮ್ಮ ಕಡೆಯವರೇ ಸಿಡಿಸಿಬಿಟ್ಟರು. ಆಗ 17ನೇ ಭಾರತೀಯ ಡಿವಿಷನ್ನಿನ (ಹಲವು ಬ್ರಿಗೇಡ್‌ಗಳು ಸೇರಿದ, ಸಾವಿರಾರು ಸೈನಿಕರ ದಳ) ಎರಡು ಬ್ರಿಗೇಡ್‌ಗಳು ಇನ್ನೂ ಆಚೆ ದಡದಲ್ಲೇ ಇದ್ದವು. ಈಜಿ, ತೆಪ್ಪ ಕಟ್ಟಿ, ಬಿದಿರು ಹಿಡಿದು ಈಚೆ ಬಂದವರಲ್ಲಿ ಅರ್ಧಕ್ಕಿಂತ ಕಡಿಮೆ ಜನರ ಕೈಯಲ್ಲಿ ರೈಫಲ್ ಉಳಿದಿತ್ತು. ಮಾರ್ಚ್ 8ಕ್ಕೆ ರಂಗೂನ್ ಹೋಯಿತು. ಆಮೇಲೆ ಸುಮಾರು 1,500 ಕಿಲೋಮೀಟರ್ ಹಿಮ್ಮೆಟ್ಟುತ್ತಾ, ಮೇ ತಿಂಗಳ ಮಳೆಯಲ್ಲಿ ನೆನೆಯುತ್ತಾ ಉಳಿದವರು ಇಂಫಾಲ್ ಸೇರಿದರು. ಅವರ ಜೊತೆಗೆ, ಅವರಿಗಿಂತ ಮುಂಚೆ, ಲಕ್ಷಾಂತರ ಭಾರತೀಯ ನಿರಾಶ್ರಿತರೂ ನಡೆದೇ ಬಂದರು. ಎಷ್ಟೋ ಜನ ದಾರಿಯಲ್ಲೇ ಸತ್ತರು.

ಜಪಾನೀಯರು ಕಾಡಿನ ಯುದ್ಧದಲ್ಲಿ ಹುಟ್ಟಾ ನಿಪುಣರು, ಅದಕ್ಕೇ ಗೆದ್ದರು ಅಂತಾರಲ್ಲ?

ಆಗಲೂ ಹಾಗೇ ಹೇಳಿಕೊಂಡರು. ಅದು ಸೋಲಿಗೆ ಒಂದು ಸಮಾಧಾನ, ಅಷ್ಟೇ. ಜಪಾನಿನ ಸೈನಿಕನೂ ಕಾಡಿನಲ್ಲಿ ಹುಟ್ಟಿದವನಲ್ಲ. ಅವನು ತರಬೇತಿ ಪಡೆದು ಬಂದಿದ್ದ, ನಮ್ಮವನು ಪಡೆದಿರಲಿಲ್ಲ.

ಅವರ ತಂತ್ರ ಸರಳವಾಗಿತ್ತು. ನಮ್ಮ ಸೈನ್ಯ ಲಾರಿಗಳನ್ನು ನಂಬಿಕೊಂಡು ರಸ್ತೆಗೆ ಅಂಟಿಕೊಂಡಿತ್ತು. ಜಪಾನೀಯರು ಮುಂದಿನಿಂದ ಸ್ವಲ್ಪ ಗುಂಡು ಹಾರಿಸಿ ಗಮನ ಸೆಳೆಯುತ್ತಿದ್ದರು, ಅಷ್ಟರಲ್ಲಿ ಒಂದು ತುಕಡಿ ಕಾಡಿನ ಒಳಗಿಂದ ಬಳಸಿಕೊಂಡು ಹೋಗಿ ಹಿಂದಿನ ರಸ್ತೆಗೆ ಅಡ್ಡ ಕೂತುಬಿಡುತ್ತಿತ್ತು. ಹಿಂದಿನ ದಾರಿ ಬಂದ್ ಆಯಿತು ಅಂತ ಗೊತ್ತಾದ ಕೂಡಲೇ ಇಡೀ ದಳ ತಿರುಗಿ ಓಡುತ್ತಿತ್ತು. ಬಹಳ ಸಲ ಅಡ್ಡ ಕೂತವರು ಕೆಲವೇ ನೂರು ಜನ.

ಅಷ್ಟೊಂದು ಹಳೆಯ ಸೈನ್ಯಕ್ಕೆ ಅಷ್ಟೂ ತರಬೇತಿ ಇರಲಿಲ್ವಾ?

ಹಳೆಯ ಸೈನ್ಯ ಇತ್ತು, ಆದರೆ ಅದನ್ನು ತೆಳ್ಳಗೆ ಮಾಡಿಬಿಟ್ಟಿದ್ದರು. 1939ರಲ್ಲಿ ಸುಮಾರು 2 ಲಕ್ಷ ಇದ್ದ ಭಾರತೀಯ ಸೈನ್ಯ ಯುದ್ಧ ಮುಗಿಯುವಾಗ ಸುಮಾರು 25 ಲಕ್ಷ ಆಗಿತ್ತು. ಹೊಸ ಬೆಟಾಲಿಯನ್ (ಬ್ರಿಗೇಡಿನ ಒಳಗಿನ, ಕೆಲವು ನೂರು ಜನರ ದಳ) ಕಟ್ಟಬೇಕಾದಾಗೆಲ್ಲ ಹಳೆಯ ಬೆಟಾಲಿಯನ್ನಿನಿಂದ ಅನುಭವಿ ಅಧಿಕಾರಿಗಳನ್ನೂ ಸುಬೇದಾರ್, ಹವಾಲ್ದಾರರನ್ನೂ ಕಿತ್ತು ಅಲ್ಲಿಗೆ ಕಳಿಸುತ್ತಿದ್ದರು. ಹಾಲು ಕರೆದ ಹಾಗೆ ಕರೆದರು. ಕೊನೆಗೆ ಹಳೆಯದರಲ್ಲೂ ಸತ್ವ ಇಲ್ಲ, ಹೊಸದರಲ್ಲೂ ಇಲ್ಲ. ಒಳ್ಳೆಯ ಅಧಿಕಾರಿಗಳಲ್ಲಿ ಜಾಸ್ತಿ ಜನ ಆಫ್ರಿಕಾ, ಮಧ್ಯಪ್ರಾಚ್ಯದ ಕಡೆ ಹೋಗಿದ್ದರು. ಇಲ್ಲಿದ್ದವರಿಗೆ ಕೊಟ್ಟಿದ್ದ ಅಲ್ಪಸ್ವಲ್ಪ ತರಬೇತಿಯೂ ಮರುಭೂಮಿ ಯುದ್ಧಕ್ಕೆ ಸೇರಿದ್ದು. ಓದು ಬರಹ ಬಲ್ಲ ಹುಡುಗರನ್ನು ತಾಂತ್ರಿಕ ದಳಗಳು ಮೊದಲೇ ಆರಿಸಿಕೊಳ್ಳುತ್ತಿದ್ದವು, ಉಳಿದವರು ಕಾಲ್ದಳಕ್ಕೆ. ಎಲ್ಲಕ್ಕಿಂತ ಜಾಸ್ತಿ ಸಾಯುವುದು ಕಾಲ್ದಳ, ಎಲ್ಲಕ್ಕಿಂತ ಕಡಿಮೆ ಗಮನ ಸಿಕ್ಕಿದ್ದೂ ಅದಕ್ಕೇ.

ಸೋತ ಮೇಲೆ ತಕ್ಷಣ ಬುದ್ಧಿ ಕಲಿತರಾ?

ಇಲ್ಲ. ಈ ಕಥೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಭಾಗ ಇದು. ಸೋತರೆ ಪಾಠ ತಾನಾಗಿಯೇ ಬರುತ್ತದೆ ಅನ್ನುವುದು ಸುಳ್ಳು.

1942ರ ಕೊನೆಯಲ್ಲಿ ಬರ್ಮಾದ ಪಶ್ಚಿಮದ ಅರಾಕಾನ್ ಕರಾವಳಿಯಲ್ಲಿ ಮತ್ತೆ ದಾಳಿ ಶುರು ಮಾಡಿದರು. ಮೊದಲು ಮುನ್ನಡೆ ಸಿಕ್ಕಿತು. ಆಮೇಲೆ ಡೊನ್‌ಬೈಕ್ ಅನ್ನುವ ಜಾಗದಲ್ಲಿ ಮಣ್ಣು, ಮರದ ದಿಮ್ಮಿಗಳಿಂದ ಕಟ್ಟಿದ ಜಪಾನೀ ಬಂಕರ್‌ಗಳು ಎದುರಾದವು. ಎದುರಿನಿಂದಲೇ ದಾಳಿ, ಸೋಲು, ಮತ್ತೆ ಅದೇ ಜಾಗಕ್ಕೆ ಅದೇ ರೀತಿಯ ದಾಳಿ. ಬೆರಳೆಣಿಕೆಯಷ್ಟು ಟ್ಯಾಂಕ್ ಕಳಿಸಿದರು, ಅವೂ ಹೋದವು. ಒಂದೇ ಡಿವಿಷನ್ ಕಚೇರಿಯ ಕೆಳಗೆ ಒಂಬತ್ತು ಬ್ರಿಗೇಡ್‌ಗಳನ್ನು ತುರುಕಿದರು. ಮಾಮೂಲಿಯಾಗಿ ಒಂದು ಡಿವಿಷನ್‌ಗೆ ಇರುವುದು ಮೂರು. 1943ರ ಮೇ ಹೊತ್ತಿಗೆ ಎಲ್ಲಿಂದ ಹೊರಟಿದ್ದರೋ ಅಲ್ಲಿಗೇ ವಾಪಸ್. ಹೊಸದಾಗಿ ಭರ್ತಿಯಾದ ಹುಡುಗರು ಎಷ್ಟು ಹೆದರಿದ್ದರೆಂದರೆ ರಾತ್ರಿ ಎಲೆ ಅಲ್ಲಾಡಿದರೂ ಗುಂಡು ಹಾರಿಸುತ್ತಿದ್ದರು. ನನ್ನ ಪ್ರಕಾರ 1942ರ ಸೋಲಿಗಿಂತ ಈ ಸೋಲೇ ದೊಡ್ಡದು, ಯಾಕಂದರೆ ಈ ಸಲ "ಅನಿರೀಕ್ಷಿತ ದಾಳಿ" ಅಂತ ಹೇಳಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ.

ಹಾಗಾದರೆ ಬದಲಾವಣೆ ಎಲ್ಲಿಂದ ಶುರುವಾಯಿತು?

ಒಂದು ಸಮಿತಿಯಿಂದ. ಕೇಳೋಕೆ ನೀರಸ ಅನ್ನಿಸಬಹುದು, ಆದರೆ ನಿಜ ಅದೇ.

1943ರ ಜೂನ್‌ನಲ್ಲಿ ಕಾಲ್ದಳ ಸಮಿತಿ ಅಂತ ಒಂದು ಕೂತಿತು. ನಮ್ಮ ಬೆಟಾಲಿಯನ್‌ಗಳು ಯಾಕೆ ನಿಲ್ಲುತ್ತಿಲ್ಲ ಅಂತ ನೇರವಾಗಿ ಕೇಳಿ, ನೇರವಾಗಿ ಬರೆಯಿತು. ಅನುಭವಿಗಳನ್ನು ಕಿತ್ತು ಹಂಚಿದ್ದು, ಕಾಲ್ದಳಕ್ಕೆ ಉಳಿಕೆಯವರನ್ನು ಕೊಟ್ಟಿದ್ದು, ಅರೆಬರೆ ತರಬೇತಿಯ ಹುಡುಗರನ್ನು ಸೀದಾ ಮುಂಚೂಣಿಗೆ ಅಟ್ಟಿದ್ದು, ಮಲೇರಿಯಾವನ್ನು ಕಡೆಗಣಿಸಿದ್ದು, ಎಲ್ಲವೂ ಅದರಲ್ಲಿ ಇತ್ತು. ಆಮೇಲೆ ಪರಿಹಾರವನ್ನೂ ಬರೆಯಿತು. ಮೂಲ ತರಬೇತಿ ಒಂಬತ್ತು ತಿಂಗಳು, ಅದಾದ ಮೇಲೆ ಎರಡು ತಿಂಗಳು ಕಾಡಿನ ತರಬೇತಿ. ಇದಕ್ಕಾಗಿ ಎರಡು ಇಡೀ ಡಿವಿಷನ್‌ಗಳನ್ನೇ ಯುದ್ಧದಿಂದ ಹೊರಗೆ ತೆಗೆದು ತರಬೇತಿ ಡಿವಿಷನ್ ಮಾಡಿದರು: 14ನೆಯದು ಛಿಂದವಾಡಾದಲ್ಲಿ, 39ನೆಯದು ಸಹಾರನ್‌ಪುರದಲ್ಲಿ. ಗಮನಿಸಿ, ಅರಾಕಾನ್‌ನಲ್ಲಿ ನುಚ್ಚುನೂರಾದ ಡಿವಿಷನ್ ಅದೇ 14ನೆಯದು. ಸೈನಿಕರಿಗೆ ಬರ ಬಂದಿರುವಾಗ ಎರಡು ಡಿವಿಷನ್‌ಗಳನ್ನು ಪಾಠ ಹೇಳಲು ಕೂರಿಸುವುದು ಸಣ್ಣ ತೀರ್ಮಾನ ಅಲ್ಲ.

ಅದೇ ಜೂನ್‌ನಲ್ಲಿ ಆಕಿನ್‌ಲೆಕ್ ಭಾರತದ ಮಹಾದಂಡನಾಯಕರಾದರು. ವರದಿ ಕಪಾಟು ಸೇರದೆ ಕೆಲಸವಾಗಿ ಬದಲಾದದ್ದಕ್ಕೆ ಮುಖ್ಯ ಕಾರಣ ಅವರು. ಮುಂಚೂಣಿಯಲ್ಲಿ ಕಲಿತದ್ದನ್ನು ಕೈಪಿಡಿಯಾಗಿ ಅಚ್ಚು ಹಾಕಿಸಿ, ತಿದ್ದಿ, ಮತ್ತೆ ಅಚ್ಚು ಹಾಕಿಸಿ ಎಲ್ಲ ದಳಗಳಿಗೂ ಹಂಚಿದರು. ಅಲ್ಲಿಯವರೆಗೆ ಪ್ರತಿ ಬೆಟಾಲಿಯನ್ನೂ ತನ್ನದೇ ರಕ್ತ ಚೆಲ್ಲಿ ತಾನೇ ಕಲಿಯುತ್ತಿತ್ತು.

ಎಲ್ಲ ಜನರಲ್ ಸ್ಲಿಮ್ ಒಬ್ಬರ ಸಾಧನೆ ಅಲ್ವಾ?

ಒಬ್ಬರದ್ದಲ್ಲ. ಆದರೆ ಸ್ಲಿಮ್ ಇಲ್ಲದೆ ಆಗುತ್ತಿತ್ತು ಅಂತಲೂ ನಾನು ಹೇಳಲಾರೆ. 1942ರ ಹಿಮ್ಮೆಟ್ಟುವಿಕೆಯಲ್ಲಿ ಬರ್ಮಾ ಕೋರ್ (ಕೋರ್ ಅಂದರೆ ಕೆಲವು ಡಿವಿಷನ್‌ಗಳು ಸೇರಿದ ಪಡೆ) ನಡೆಸಿದವರು ಅವರೇ. ಅರಾಕಾನ್ ಸೋಲಿನ ಹೊಣೆಯನ್ನು ಅವರ ತಲೆಗೆ ಕಟ್ಟಲು ಅವರ ಮೇಲಧಿಕಾರಿ ಇರ್ವಿನ್ ನೋಡಿದರು, ಕೊನೆಗೆ ಹೋದದ್ದು ಇರ್ವಿನ್. 1943ರ ಕೊನೆಯಲ್ಲಿ 14ನೇ ಸೇನೆ (ಹಲವು ಕೋರ್‌ಗಳ ಇಡೀ ಸೇನೆ, 14ನೇ ಡಿವಿಷನ್ ಅಲ್ಲ) ಕಟ್ಟಿದಾಗ ಅದು ಸ್ಲಿಮ್ ಕೈಗೆ ಬಂತು.

ಅವರ ನಿಯಮಗಳು ಚಿಕ್ಕವು. ಸಿಪಾಯಿ ಕಾಡಿನಲ್ಲಿ ಓಡಾಡಿ ಕಾಡಿಗೆ ಒಗ್ಗಬೇಕು. ಗಸ್ತು ನಿರಂತರ ನಡೆಯಬೇಕು. ಎದುರಿನಿಂದ ದಾಳಿ ಮಾಡೋದು ತೀರಾ ಅಪರೂಪ ಆಗಬೇಕು. ಶತ್ರು ನಮ್ಮ ಹಿಂದೆ ಬಂದರೆ ಸುತ್ತುವರಿದದ್ದು ಅವನು ನಮ್ಮನ್ನಲ್ಲ, ನಾವು ಅವನನ್ನು ಅಂತ ತಿಳಿಯಬೇಕು. ಅಡುಗೆಯವನು, ಗುಮಾಸ್ತ, ಹೇಸರಗತ್ತೆ ನಡೆಸುವವನು, ಎಲ್ಲರೂ ಬಂದೂಕು ಹಿಡಿಯಬೇಕು. ಮುಂಚೂಣಿಗೆ ಅರ್ಧ ಪಡಿತರ ಆದಾಗ ಅವರು ತಮ್ಮ ಕಚೇರಿಯನ್ನೂ ಅರ್ಧ ಪಡಿತರಕ್ಕೆ ಇಳಿಸುತ್ತಿದ್ದರು. ಆಗ ಕಚೇರಿಯವರಿಗೆ ಸರಬರಾಜಿನ ಕಷ್ಟ ಹೊಟ್ಟೆಯಿಂದಲೇ ಗೊತ್ತಾಗುತ್ತಿತ್ತು.

ಮಲೇರಿಯಾ ಬಗ್ಗೆ ಇಷ್ಟೊಂದು ಯಾಕೆ ಹೇಳ್ತಾರೆ?

ಯಾಕಂದರೆ ಸೈನ್ಯವನ್ನು ನಿಜವಾಗಿ ತಿನ್ನುತ್ತಿದ್ದದ್ದು ಅದೇ. 1943ರಲ್ಲಿ ಗಾಯಗೊಂಡು ಹಿಂದಕ್ಕೆ ಹೋದ ಒಬ್ಬನಿಗೆ ಕಾಯಿಲೆಯಿಂದ ಹೋದವರು 120 ಜನ. ವರ್ಷಕ್ಕೆ ಸೈನ್ಯದ ಒಟ್ಟು ಬಲದ 84 ಶೇಕಡಾದಷ್ಟು ಮಲೇರಿಯಾ. ಹೊಸಬರನ್ನು ಎಷ್ಟು ತಂದು ಸುರಿದರೂ ಸಾಲದು.

ಮೊದಲ ಬದಲಾವಣೆ ಚಿಕಿತ್ಸೆಯ ಜಾಗ. ಅದಕ್ಕೂ ಮೊದಲು ಜ್ವರ ಬಂದವನನ್ನು ಭಾರತದ ಒಳಗಿನ ದೂರದ ಆಸ್ಪತ್ರೆಗೆ ಕಳಿಸುತ್ತಿದ್ದರು, ಅವನು ವಾಪಸ್ ಬರಲು ತಿಂಗಳುಗಟ್ಟಲೆ ಬೇಕು. ಈಗ ಮುಂಚೂಣಿಯ ಹಿಂದೆ ಕೆಲವೇ ಮೈಲಿ ದೂರದಲ್ಲಿ ಮಲೇರಿಯಾ ಚಿಕಿತ್ಸಾ ಘಟಕಗಳು ಬಂದವು, ಸುಮಾರು ಮೂರು ವಾರದಲ್ಲಿ ಮನುಷ್ಯ ತನ್ನ ತುಕಡಿಗೆ ವಾಪಸ್. ತೀವ್ರ ಗಾಯಾಳುಗಳನ್ನು ವಿಮಾನದಲ್ಲಿ ಸಾಗಿಸಿದರು.

ಎರಡನೆಯದು ಶಿಸ್ತು. ಮೆಪಾಕ್ರಿನ್ ಮಾತ್ರೆ ದಿನಾ ನುಂಗಬೇಕಿತ್ತು. ಮೈ ಹಳದಿ ಆಗುತ್ತಿತ್ತು, ಗಂಡಸುತನ ಹೋಗುತ್ತದೆ ಅಂತ ಸಿಪಾಯಿಗಳಲ್ಲಿ ಗುಲ್ಲು ಬೇರೆ. ಸ್ಲಿಮ್ ಹೇಳದೇ ಕೇಳದೇ ಇಡೀ ತುಕಡಿಗಳನ್ನು ಪರೀಕ್ಷೆ ಮಾಡಿಸಿದರು. ಮಾತ್ರೆ ತಗೊಂಡವರು ನೂರಕ್ಕೆ 95ಕ್ಕಿಂತ ಕಡಿಮೆ ಇದ್ದರೆ ಕಮಾಂಡಿಂಗ್ ಅಧಿಕಾರಿಯ ಕೆಲಸ ಹೋಗುತ್ತಿತ್ತು. ಮೂವರನ್ನು ತೆಗೆಯುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. ಆರೋಗ್ಯವನ್ನು ವೈದ್ಯರ ತಲೆನೋವು ಅಂತ ಬಿಡದೆ ಕಮಾಂಡರ್ ಹೊಣೆ ಮಾಡಿದ್ದು ಇಡೀ ಯುದ್ಧದ ದೊಡ್ಡ ಸುಧಾರಣೆಗಳಲ್ಲಿ ಒಂದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. 1945ರ ಹೊತ್ತಿಗೆ ದಿನಕ್ಕೆ ಕಾಯಿಲೆ ಬೀಳುವವರು ಸಾವಿರಕ್ಕೆ ಒಬ್ಬರಿಗೆ ಇಳಿದರು.

ಸುತ್ತುವರಿದಾಗ ಓಡುತ್ತಿದ್ದವರು ನಿಲ್ಲೋಕೆ ಶುರು ಮಾಡಿದ್ದು ಹೇಗೆ?

ನಿಂತರೆ ಊಟ, ಗುಂಡು ಬರುತ್ತದೆ ಅನ್ನುವ ಖಾತರಿ ಕೊಟ್ಟರು. ಸುಮ್ನೆ "ಧೈರ್ಯವಾಗಿರಿ" ಅಂದರೆ ಯಾರೂ ನಿಲ್ಲುವುದಿಲ್ಲ.

1944ರ ಫೆಬ್ರವರಿಯಲ್ಲಿ ಅರಾಕಾನ್‌ನಲ್ಲಿ ಜಪಾನೀಯರು ಹಳೆಯ ಆಟವನ್ನೇ ಆಡಿದರು. 7ನೇ ಭಾರತೀಯ ಡಿವಿಷನ್ನಿನ ಹಿಂದೆ ಬಂದರು, ಅದರ ಮುಖ್ಯ ಕಚೇರಿಯ ಮೇಲೇ ಬಿದ್ದರು. ಮೇಜರ್ ಜನರಲ್ ಮೆಸ್ಸರ್ವಿ ತಪ್ಪಿಸಿಕೊಂಡು ನಡೆದು, ಸಿಂಜ್‌ವೇಯಾದ ಸರಬರಾಜು ಶಿಬಿರ ಸೇರಿದರು. ಅದನ್ನೇ ಅಡ್ಮಿನ್ ಬಾಕ್ಸ್ ಅಂತಾರೆ. ಅಲ್ಲಿ ಇದ್ದವರಲ್ಲಿ ಎಷ್ಟೋ ಜನ ಗುಮಾಸ್ತರು, ಚಾಲಕರು, ಉಗ್ರಾಣದವರು. ಅವರೇ ಬಂದೂಕು ಹಿಡಿದರು. ಜಪಾನೀಯರು ಒಂದು ರಾತ್ರಿ ವೈದ್ಯಕೀಯ ಶಿಬಿರಕ್ಕೆ ನುಗ್ಗಿ ಗಾಯಾಳುಗಳನ್ನೂ ವೈದ್ಯರನ್ನೂ ಕೊಂದರು. ಅಷ್ಟಾದರೂ ಬಾಕ್ಸ್ ಬೀಳಲಿಲ್ಲ. ಡಕೋಟಾ ವಿಮಾನಗಳು ಅಕ್ಕಿ, ಹಿಟ್ಟು, ಮದ್ದುಗುಂಡು, ಕಾಗದಪತ್ರ ಎಲ್ಲ ಮೇಲಿಂದ ಇಳಿಸಿದವು. ಇದಕ್ಕೆ ಬೇಕಾದ ಸಾಮಾನನ್ನು ದಾಳಿಗೆ ಮುಂಚೆಯೇ ಕಟ್ಟಿ ಇಟ್ಟಿದ್ದರು ಅನ್ನೋದು ಮುಖ್ಯ. ಒಳಗೆ ಸಿಕ್ಕಿಕೊಂಡವರ ಹತ್ತಿರ ಊಟ ಇತ್ತು, ಸುತ್ತುವರಿದ ಜಪಾನೀಯರ ಹತ್ತಿರ ಇರಲಿಲ್ಲ. ಮೂರು ವಾರದಲ್ಲಿ ಅವರೇ ಜಾಗ ಬಿಟ್ಟರು.

ರೇಷ್ಮೆಯ ಪ್ಯಾರಾಚೂಟ್ ಸಾಕಷ್ಟು ಸಿಗುತ್ತಿರಲಿಲ್ಲ. ಸರಬರಾಜು ಮುಖ್ಯಸ್ಥ ಸ್ನೆಲ್ಲಿಂಗ್ ಅವರ ತಂಡ ಕಲ್ಕತ್ತಾದ ಸೆಣಬಿನ ಗಿರಣಿಗಳನ್ನು ಹಿಡಿಯಿತು. ಸೆಣಬಿನ ಪ್ಯಾರಾಚೂಟ್ ಬಂತು. ಮನುಷ್ಯರನ್ನು ಇಳಿಸಲು ಆಗದಿದ್ದರೂ ಸಾಮಾನು ಇಳಿಸಲು ಸಾಕು, ಬೆಲೆಯೂ ತುಂಬಾ ಕಡಿಮೆ. ಆಮೇಲೆ ಸೆಣಬಿನ ಬಟ್ಟೆಗೆ ಡಾಂಬರು ಹಚ್ಚಿ ಮಣ್ಣಿನ ರಸ್ತೆಗೂ ಹೊದಿಸಿದರು. ಬ್ರಿಟನ್ನಿನ ಲೆಕ್ಕದಲ್ಲಿ ಬರ್ಮಾ ಕೊನೆಯ ಸಾಲಿನ ರಣರಂಗ, ಎಲ್ಲರಿಗೂ ಸಿಕ್ಕಿ ಉಳಿದದ್ದು ಇಲ್ಲಿಗೆ. ಕೊರತೆಯನ್ನೇ ಕೆಲಸಕ್ಕೆ ಹಚ್ಚಿದ ಈ ಜನ ನನಗೆ ಯಾವ ಪದಕ ಪಡೆದವರಿಗಿಂತಲೂ ಕಡಿಮೆ ಅನ್ನಿಸುವುದಿಲ್ಲ.

ಜಪಾನೀಯರ ಭಯ ಹೇಗೆ ಹೋಯಿತು?

ಸಣ್ಣ ಸಣ್ಣ ಗೆಲುವುಗಳಿಂದ. ಮೊದಲು ಆಯ್ದ ಕೆಲವರ ಗಸ್ತು, ಅವರು ಗೆದ್ದು ಬಂದು ಉಳಿದವರಿಗೆ ಹೇಳುವುದು, ಆಮೇಲೆ ಎಲ್ಲರ ಗಸ್ತು. ನಂತರ ಚಿಕ್ಕ ಜಪಾನೀ ತುಕಡಿಗಳ ಮೇಲೆ ಬೇಕೆಂದೇ ಅತಿ ದೊಡ್ಡ ಬಲದ ದಾಳಿ. ನೂರರ ಆಸುಪಾಸು ಜನರ ಒಂದು ಕಂಪನಿ ಇರುವಲ್ಲಿಗೆ ಕೆಲವು ಸಾವಿರ ಜನರ ಒಂದು ಬ್ರಿಗೇಡ್. ಇದು ಅತಿಯಾಯಿತು ಅಂದವರು ಇದ್ದರು. ಆದರೆ ಆ ಹಂತದಲ್ಲಿ ಸೋಲುವ ಅವಕಾಶವನ್ನೇ ಕೊಡಬಾರದಿತ್ತು.

ಬಂಕರ್‌ಗಳನ್ನು ಕೊನೆಗೆ ಹೇಗೆ ಒಡೆದರು?

ಟ್ಯಾಂಕ್ ಮತ್ತು ಕಾಲ್ದಳ ಜೊತೆಯಾಗಿ ಕಲಿತು. ಟ್ಯಾಂಕ್ ಮೊದಲು ಸಾಧಾರಣ ಸ್ಫೋಟಕ ಗುಂಡು ಹೊಡೆದು ಮುಂದಿನ ಗಿಡಗಂಟಿ ಹಾರಿಸುತ್ತದೆ. ಆಮೇಲೆ ಒಳಹೊಕ್ಕು ಸಿಡಿಯುವ ಗುಂಡಿನಿಂದ ಬಂಕರಿನ ಮುಖ ಒಡೆಯುತ್ತದೆ. ಸಿಪಾಯಿಗಳು ತೀರಾ ಹತ್ತಿರ ಹೋದಾಗ ಸಿಡಿಯದ ಗಟ್ಟಿ ಗುಂಡು, ಯಾಕಂದರೆ ಅದರ ಚೂರು ಹಾರಿ ನಮ್ಮವರಿಗೆ ತಾಗುವುದಿಲ್ಲ. ಕೊನೆಯ ಗಜದವರೆಗೂ ಒಳಗಿನವನು ತಲೆ ಎತ್ತಲು ಆಗಬಾರದು.

1944ರ ಏಪ್ರಿಲ್ 13ರಂದು ಇಂಫಾಲ್ ಹತ್ತಿರದ ನುಂಗ್‌ಶಿಗಮ್ ಬೆಟ್ಟದಲ್ಲಿ ಇದು ಕಾಣಿಸಿತು. ಟ್ಯಾಂಕ್ ಹತ್ತಲಾರದು ಅಂತ ಜಪಾನೀಯರು ನಂಬಿದ್ದ ಕಡಿದಾದ ಏಣಿನ ಮೇಲೆ ಟ್ಯಾಂಕ್ ಹತ್ತಿಸಿದರು, ಜೊತೆಗೆ ಡೋಗ್ರಾ ಸಿಪಾಯಿಗಳು. ದಾರಿ ನೋಡಲು ಟ್ಯಾಂಕ್‌ನಿಂದ ತಲೆ ಹೊರಹಾಕಿದ ಅಧಿಕಾರಿಗಳು ಸತ್ತರು ಅಥವಾ ಗಾಯಗೊಂಡರು. ಡೋಗ್ರಾ ಕಂಪನಿಗಳ ಅಧಿಕಾರಿಗಳೂ ಬಿದ್ದರು. ಕೊನೆಗೆ ಸುಬೇದಾರ್ ರಣಬೀರ್ ಸಿಂಗ್ ಮತ್ತು ಟ್ಯಾಂಕ್ ದಳದ ಸಾರ್ಜೆಂಟ್ ಮೇಜರ್ ಕ್ರಾಡಕ್ ಇಬ್ಬರೂ ಸೇರಿ ದಾಳಿ ಮುಗಿಸಿ ಬೆಟ್ಟ ತಗೊಂಡರು. ಎರಡು ವರ್ಷದ ಹಿಂದೆ ಅಧಿಕಾರಿ ಸತ್ತರೆ ದಾಳಿ ಅಲ್ಲಿಗೇ ನಿಲ್ಲುತ್ತಿತ್ತು.

ವಿಂಗೇಟ್, ಚಿಂಡಿಟ್‌ಗಳ ಪಾತ್ರ?

ಚಿಂಡಿಟ್‌ಗಳು ಅಂದರೆ ಬ್ರಿಟಿಷ್ ಅಧಿಕಾರಿ ವಿಂಗೇಟ್ ಕಟ್ಟಿದ ಪಡೆ. 1943ರಲ್ಲಿ ಅದರ ಸುಮಾರು 3,000 ಜನ ಶತ್ರುವಿನ ಹಿಂದೆ ಹೋದರು, ಮೂರರಲ್ಲಿ ಒಂದು ಪಾಲಿನಷ್ಟು ಜನ ವಾಪಸ್ ಬರಲಿಲ್ಲ. ಹೆಸರು ತುಂಬಾ ಬಂತು. ವಿಮಾನದಿಂದ ಇಳಿಸಿದ ಸಾಮಾನಿನಲ್ಲೇ ಒಂದು ಪಡೆ ಬದುಕಬಹುದು ಅಂತ ತೋರಿಸಿದ್ದು ಉಪಯೋಗಕ್ಕೆ ಬಂತು. ಆದರೆ ಯುದ್ಧ ಗೆದ್ದದ್ದು ಸಾಧಾರಣ ಕಾಲ್ದಳ.

ಇಂಫಾಲ್, ಕೊಹಿಮಾದಲ್ಲಿ ಜಪಾನ್ ಯಾಕೆ ಸೋತಿತು?

1944ರ ಮಾರ್ಚ್‌ನಲ್ಲಿ ಜನರಲ್ ಮುತಾಗುಚಿ ಮೂರು ಡಿವಿಷನ್‌ಗಳನ್ನು ಕಳಿಸಿದರು. ಮೂರು ವಾರದ ಊಟ ಹೊತ್ತು ಹೋಗಿ, ಉಳಿದದ್ದನ್ನು ಬ್ರಿಟಿಷರ ಉಗ್ರಾಣಗಳಿಂದ ಕಿತ್ತುಕೊಳ್ಳುವುದು ಅವರ ಯೋಜನೆ. 1942ರಲ್ಲಿ ಹಾಗೇ ಆಗಿತ್ತಲ್ಲ! ಈ ಯೋಜನೆ ನಡೆಯಲ್ಲ ಅಂದ ಅಧಿಕಾರಿಗಳ ಮಾತನ್ನು ಅವರು ಕೇಳಲಿಲ್ಲ.

ಎದುರಿಗಿದ್ದದ್ದು ಬೇರೆಯದೇ ಸೈನ್ಯ. 5ನೇ ಭಾರತೀಯ ಡಿವಿಷನ್ನನ್ನು ಅರಾಕಾನ್‌ನಿಂದ ಎತ್ತಿ ವಿಮಾನದಲ್ಲಿ ಇಂಫಾಲ್‌ಗೆ ತಂದರು. ಮುತ್ತಿಗೆಯ ಹೊತ್ತಿನಲ್ಲಿ ಸುಮಾರು 19 ಸಾವಿರ ಟನ್ ಸಾಮಾನು ಗಾಳಿಯಲ್ಲೇ ಬಂತು. ಜೂನ್ 22ಕ್ಕೆ ಕೊಹಿಮಾ–ಇಂಫಾಲ್ ರಸ್ತೆ ತೆರೆಯಿತು. ಅಷ್ಟರಲ್ಲಿ ಜಪಾನೀ ಸೈನಿಕರು ಹಸಿವಿನಿಂದ ಸಾಯುತ್ತಿದ್ದರು. ಕೊಹಿಮಾದಲ್ಲಿದ್ದ ಡಿವಿಷನ್ ಕಮಾಂಡರ್ ಸಾತೋ ಊಟ ಬರಲಿಲ್ಲ ಅಂತ ಆದೇಶ ಮೀರಿ ಹಿಂದೆ ಸರಿದರು. ಮುತಾಗುಚಿ ಮೂರೂ ಡಿವಿಷನ್ ಕಮಾಂಡರ್‌ಗಳನ್ನು ಕೆಲಸದಿಂದ ತೆಗೆದರು, ಯೋಜನೆಯನ್ನು ಮಾತ್ರ ತಿದ್ದಲಿಲ್ಲ. ಅರಾಕಾನ್ ಸೋಲಿನ ಮೇಲೆ ನಮ್ಮ ಕಡೆಯವರು ಮಾಡಿದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ. ಹತ್ತಿರ ಹತ್ತಿರ 30 ಸಾವಿರ ಜಪಾನೀಯರು ಸತ್ತರು, ಬಹಳಷ್ಟು ಜನ ಹಸಿವು ಮತ್ತು ಕಾಯಿಲೆಯಿಂದ.

ಇದೆಲ್ಲ ಬ್ರಿಟಿಷರಿಗಾಗಿ ನಡೆದದ್ದು ತಾನೇ? ನಾವು ಯಾಕೆ ಹೆಮ್ಮೆ ಪಡಬೇಕು?

ನ್ಯಾಯವಾದ ಪ್ರಶ್ನೆ. ಸಾಮ್ರಾಜ್ಯ ಅವರದ್ದು, ಯುದ್ಧ ಸಾರಿದ್ದು ನಮ್ಮನ್ನು ಕೇಳದೆ. ಈ ಸೈನ್ಯ ತಯಾರಾಗುತ್ತಿದ್ದ 1943ರಲ್ಲೇ ಪಕ್ಕದ ಬಂಗಾಳದಲ್ಲಿ ಲಕ್ಷಾಂತರ ಜನ ಬರಗಾಲದಲ್ಲಿ ಸತ್ತರು. ಇಂಫಾಲ್‌ನಲ್ಲಿ ಎದುರು ಬದಿಯಲ್ಲಿ ಆಜಾದ್ ಹಿಂದ್ ಫೌಜಿನ ಭಾರತೀಯರೂ ಇದ್ದರು. ಅವರಲ್ಲಿ ಅನೇಕರು ಸಿಂಗಪುರದಲ್ಲಿ ಸೆರೆಯಾದ ಅದೇ ಸೈನ್ಯದವರು. ಯಾವುದನ್ನೂ ಮುಚ್ಚಿಡಬೇಕಿಲ್ಲ. ಆದರೆ ಕಲಿತವರು, ಸತ್ತವರು, ಗೆದ್ದವರು ಜಾಸ್ತಿ ನಮ್ಮ ಹಳ್ಳಿಗಳ ಜನ. ಅವರನ್ನು ಮರೆಯುವುದರಿಂದ ಬ್ರಿಟಿಷರಿಗೇನೂ ನಷ್ಟ ಇಲ್ಲ, ನಷ್ಟ ನಮಗೇ.

1945ರಲ್ಲಿ ಗೆದ್ದದ್ದು ಕಾಡಿನ ಯುದ್ಧದಿಂದಲೇ?

ಅಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಮಧ್ಯ ಬರ್ಮಾ ಒಣ ಬಯಲು. ಕಷ್ಟಪಟ್ಟು ಕಾಡು ಕಲಿತ ಸೈನ್ಯ ಅದನ್ನು ಬದಿಗಿಟ್ಟು ಟ್ಯಾಂಕ್, ಲಾರಿಗಳ ಬಯಲು ಯುದ್ಧ ಕಲಿಯಬೇಕಾಯಿತು. ಸ್ಲಿಮ್ ಒಂದು ಕೋರ್‌ನಿಂದ ಮಂಡಾಲೆ ಕಡೆ ಒತ್ತಿದರು. ಇನ್ನೊಂದನ್ನು ಗುಟ್ಟಾಗಿ ದಕ್ಷಿಣಕ್ಕೆ ಸಾಗಿಸಿ, ಅದು ಹಳೆಯ ಜಾಗದಲ್ಲೇ ಇದೆ ಅನ್ನಿಸುವಂತೆ ಸುಳ್ಳು ರೇಡಿಯೋ ಸಂದೇಶಗಳನ್ನು ಹರಿಯಬಿಟ್ಟರು. ಆ ಕೋರ್ ಐರಾವತಿ ದಾಟಿ ಮಾರ್ಚ್ ಮೊದಲ ವಾರ ಮೇಕ್ಟಿಲಾ ಹಿಡಿಯಿತು. ಜಪಾನೀಯರ ಸರಬರಾಜೆಲ್ಲ ಅಲ್ಲಿಂದಲೇ ಹೋಗುತ್ತಿತ್ತು. ಹಿಡಿದದ್ದು ಕೋವನ್ ಅವರ 17ನೇ ಭಾರತೀಯ ಡಿವಿಷನ್, ಸಿತಾಂಗ್‌ನಲ್ಲಿ ಮುಳುಗಿದ ಅದೇ 17. 1942ರ ಮಾರ್ಚ್‌ನಿಂದ ಕೋವನ್ ಅವರೇ ಅದರ ಕಮಾಂಡರ್. ಸೋತ ದಳವನ್ನು ವಿಸರ್ಜಿಸದೆ ಅದರಲ್ಲೇ ಉಳಿದವರ ಸುತ್ತ ಮತ್ತೆ ಕಟ್ಟಿದ್ದರ ಫಲ ಇದು.

ಕಲಿಯಲು ಸಮಯ ಸಿಕ್ಕಿದ್ದು ಹೇಗೆ?

ಮುಂಗಾರಿನಿಂದ. ಮೇಯಿಂದ ಅಕ್ಟೋಬರ್‌ವರೆಗೆ ದೊಡ್ಡ ಕಾರ್ಯಾಚರಣೆ ಕಷ್ಟ, ಹಾಗಾಗಿ 1942 ಮತ್ತು 1943ರ ಮಳೆಗಾಲ ಎರಡೂ ಉಸಿರಾಡಲು ಬಿಟ್ಟವು. 1944ರ ಮಳೆಯಲ್ಲಿ ಮಾತ್ರ ನಿಲ್ಲದೆ ಬೆನ್ನಟ್ಟಿದರು. ಅಷ್ಟರಲ್ಲಿ ಆ ಶಕ್ತಿ ಬಂದಿತ್ತು.

ಭಾರತೀಯ ಅಧಿಕಾರಿಗಳ ಸ್ಥಿತಿ ಸುಧಾರಿಸಿತಾ?

ಒಂದು ಮಟ್ಟಕ್ಕೆ. 1939ರಲ್ಲಿ 400ರ ಆಸುಪಾಸು ಇದ್ದ ಭಾರತೀಯ ಅಧಿಕಾರಿಗಳು ಯುದ್ಧದ ಕೊನೆಗೆ 8,000 ದಾಟಿದರು. ಅವರ ಕೆಳಗೆ ಬ್ರಿಟಿಷರು ಕೆಲಸ ಮಾಡಬೇಕಾದ ಸಂದರ್ಭಗಳೂ ಬಂದವು. "ಯೋಧ ಜನಾಂಗ" ಅಂತ ಕೆಲವು ಸಮುದಾಯದವರನ್ನೇ ಸೇರಿಸಿಕೊಳ್ಳುತ್ತಿದ್ದ ಹಳೆಯ ಭರ್ತಿ ನೀತಿ ಸಡಿಲವಾಯಿತು. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟ್ ಕೊಹಿಮಾದಲ್ಲಿ ಹೋರಾಡಿತು. 1945ರ ಶುರುವಿನಲ್ಲಿ ಅರಾಕಾನ್ ಕರಾವಳಿಯ ಕಂಗಾವ್ ಕದನದಲ್ಲಿ 51ನೇ ಬ್ರಿಗೇಡಿನ ಮೂರೂ ಬೆಟಾಲಿಯನ್‌ಗಳನ್ನು ನಡೆಸಿದವರು ಭಾರತೀಯರು: ನಮ್ಮ ಕೊಡಗಿನ ತಿಮ್ಮಯ್ಯ, ಥೋರಾಟ್ ಮತ್ತು ಸೇನ್. ಮೂವರಿಗೂ ಡಿಎಸ್‌ಒ ಪದಕ (ಯುದ್ಧರಂಗದ ನಾಯಕತ್ವಕ್ಕೆ ಬ್ರಿಟನ್ ಕೊಡುವ ಗೌರವ) ಬಂತು. ಭಾರತೀಯರ ಕೈಗೆ ಬೆಟಾಲಿಯನ್ ಕೊಟ್ಟರೆ ನಡೆಯದು ಅನ್ನುತ್ತಿದ್ದವರಿಗೆ ಕಂಗಾವ್ ಕದನವೇ ಉತ್ತರ ಕೊಟ್ಟಿತು. ಹಾಗಿದ್ದರೂ ಬ್ರಿಗೇಡಿಯರ್ ಹುದ್ದೆಗಿಂತ ಮೇಲೆ ಬಾಗಿಲು ತೆರೆಯಲಿಲ್ಲ. ಯುದ್ಧ ಮುಗಿಯುವವರೆಗೂ ಒಬ್ಬ ಭಾರತೀಯನ ಕೈಗೂ ಒಂದು ಡಿವಿಷನ್ ಕೊಡಲಿಲ್ಲ.